ಮೆಂಬರ್ರ ಭಾಮೈದನಿಗೂ ಮನೆ ಬಂದರೆ ಏನು ಮಾಡಬೇಕು?

ನಮ್ಮ ಕಡೆ ಸರ್ಕಾರಿ ಮನೆಗೆ ಯಾರೂ ಅರ್ಜಿ ಹಾಕುವುದಿಲ್ಲ, ಮನೆಯನ್ನೇ 'ಹಾಕಿಸಿಕೊಳ್ಳುತ್ತಾರೆ'. "ಈ ಸಲ ಪಂಚಾಯ್ತಿಗೆ ನಲವತ್ತು ಮನೆ ಬಂದವಂತೆ, ನಂಗೂ ಒಂದು ಹಾಕ್ಸಿಕೊಡಣ್ಣ" ಎಂದು ಮೆಂಬರ್ರ ಜಗುಲಿಯ ಮೇಲೆ ಕೂರುವುದು ವಾಡಿಕೆ. ಹಾಕಿಸಿಕೊಳ್ಳುವವರು ಇದ್ದ ಮೇಲೆ ಹಾಕಿಸಿಕೊಡುವವರೊಬ್ಬರು ಇರಲೇಬೇಕಲ್ಲ. ಆ ಒಬ್ಬರಿಗೂ ಅಕ್ಕ, ತಂಗಿ, ಭಾವ, ಭಾಮೈದ, ಓಟು ಹಾಕಿದವರು, ಹಾಕದವರು ಎಲ್ಲ ಇರುತ್ತಾರೆ. ಪತ್ರಿಕೆಗಳು ಹಿತಾಸಕ್ತಿ ಸಂಘರ್ಷ ಎಂದು ಬರೆಯುವುದು ಇದನ್ನೇ. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಕೊಡುವ ಕೈಯೂ ತಗೊಳ್ಳುವ ಕೈಯೂ ಒಂದೇ ಮನೆಯವು.

ಕಾನೂನಿನ ಪ್ರಕಾರ ಮೆಂಬರ್ರಿಗೆ ಮನೆ 'ಹಾಕಿಸುವ' ಅಧಿಕಾರವೇ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ (ಈಗ ಅದರ ಹೆಸರಿನ ಮುಂದೆ 'ಗ್ರಾಮ ಸ್ವರಾಜ್' ಸೇರಿದೆ) ಅರ್ಹರನ್ನು ಗುರುತಿಸಿ ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡುವ ಕೆಲಸ ಮೊದಲು ವಾರ್ಡ್ ಸಭೆಯದು, ಆಮೇಲೆ ಗ್ರಾಮಸಭೆಯದು. ಅಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ನಿಮ್ಮದು, ನನ್ನದು. ಬೆಂಗಳೂರಿನಲ್ಲಿರುವ ರಾಜೀವ್ ಗಾಂಧಿ ವಸತಿ ನಿಗಮ ಪಂಚಾಯಿತಿಗೆ ಇಷ್ಟು ಮನೆ ಎಂದು ಗುರಿ ಕೊಡುತ್ತದೆ. ಆ ಗುರಿಗೆ ಊರಿನವರು 'ಟಾರ್ಗೆಟ್' ಅನ್ನುತ್ತಾರೆ. ಬಸವ ವಸತಿಯಾದರೆ 1.20 ಲಕ್ಷ, ಅಂಬೇಡ್ಕರ್ ನಿವಾಸದಲ್ಲಿ ಹಳ್ಳಿಯ ಪರಿಶಿಷ್ಟ ಕುಟುಂಬಕ್ಕೆ 1.75 ಲಕ್ಷ, ಕೇಂದ್ರದ ಪ್ರಧಾನಮಂತ್ರಿ ಆವಾಸ್‌ನಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ ಸಹಾಯಧನ. ಈ ದುಡ್ಡಿನಲ್ಲಿ ಇವತ್ತು ಪೂರ್ತಿ ಮನೆ ಏಳುವುದಿಲ್ಲ, ಅದು ಬೇರೆ ಮಾತು. ಆದರೂ ಒಂದು ಹಳ್ಳಿಯ ರಾಜಕೀಯವನ್ನು ಐದು ವರ್ಷ ಹಿಡಿದಿಟ್ಟುಕೊಳ್ಳಲು ಇಷ್ಟು ಸಾಕು.

ಇದು ಹಳ್ಳಿಯ ಸಣ್ಣತನವಷ್ಟೇ ಎಂದುಕೊಳ್ಳಬೇಡಿ. 2025ರ ಜೂನ್‌ನಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರೇ, ಹಣ ಕೊಟ್ಟ ಪಂಚಾಯಿತಿಗಳಿಗೆ ಮನೆ ಮಂಜೂರಾಗುತ್ತಿದೆ ಎಂದು ಫೋನಿನಲ್ಲಿ ದೂರಿದ ಧ್ವನಿಮುದ್ರಣ ಹೊರಬಿತ್ತು. ಅವರು ಆಳುವ ಪಕ್ಷದವರು. ವಸತಿ ಸಚಿವರು ಆರೋಪವನ್ನು ಅಲ್ಲಗಳೆದರು.

ನೆಂಟಸ್ತಿಕೆಯೇ ತಪ್ಪಲ್ಲ

ದೂರು ಕೊಡಲು ಹೊರಟವರು ಮೊದಲು ಎಡವುವುದು ಇಲ್ಲೇ. ಪಟ್ಟಿಯಲ್ಲಿ ಮೆಂಬರ್ರ ಭಾಮೈದನ ಹೆಸರು ಕಂಡ ಕೂಡಲೇ ಹಗರಣ ಸಿಕ್ಕಿತು ಎಂದು ಓಡುತ್ತಾರೆ. ಭಾಮೈದ ಸೋರುವ ಹೆಂಚಿನ ಮನೆಯಲ್ಲಿ ಇದ್ದು, ಕೂಲಿ ಮಾಡಿಕೊಂಡು, ಬೇರೆ ಪಡಿತರ ಚೀಟಿ ಇಟ್ಟುಕೊಂಡಿದ್ದರೆ ಅವನಿಗೂ ಮನೆ ಸಿಗಬೇಕು. ಅಕ್ಕನ ಗಂಡ ಮೆಂಬರ್ ಆದ ತಪ್ಪಿಗೆ ಅವನು ಮಳೆಯಲ್ಲಿ ನೆನೆಯಬೇಕಿಲ್ಲ.

ಆದ್ದರಿಂದ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿಕೊಳ್ಳಿ. ಒಂದು, ಅವನು ಅರ್ಹನೇ? ಎರಡು, ಅವನ ಹೆಸರು ಚರ್ಚೆಗೆ ಬಂದಾಗ ಮೆಂಬರ್ ಎಲ್ಲಿದ್ದರು, ಏನು ಹೇಳಿದರು?

ಮೊದಲನೆಯದಕ್ಕೆ ಉತ್ತರ ಊರಿನಲ್ಲೇ ಸಿಗುತ್ತದೆ. ಪ್ರಧಾನಮಂತ್ರಿ ಆವಾಸ್ ನಿಯಮದಲ್ಲಿ ಯಾರು ಅನರ್ಹರು ಎಂದು ಪಟ್ಟಿಯೇ ಇದೆ. ಪಕ್ಕಾ ಮನೆ ಇರುವವರು, ಮೂರು ಅಥವಾ ನಾಲ್ಕು ಚಕ್ರದ ಗಾಡಿ ಇರುವವರು, ಮನೆಯಲ್ಲೊಬ್ಬ ಸರ್ಕಾರಿ ನೌಕರ ಇರುವವರು, ಆದಾಯ ತೆರಿಗೆ ಕಟ್ಟುವವರು, ಎರಡೂವರೆ ಎಕರೆ ಅಥವಾ ಅದಕ್ಕಿಂತ ಹೆಚ್ಚು ನೀರಾವರಿ ಜಮೀನು ಉಳ್ಳವರು ಇತ್ಯಾದಿ. ರಾಜ್ಯದ ಯೋಜನೆಗಳಲ್ಲೂ ಸ್ವಂತ ಮನೆ ಇರಬಾರದು, ಹಿಂದೆ ಇನ್ಯಾವ ಯೋಜನೆಯಲ್ಲೂ ಮನೆ ಪಡೆದಿರಬಾರದು. ದೇವರಾಜ ಅರಸು ಕಾಲದ 'ಜನತಾ ಮನೆ' ಅಪ್ಪನ ಹೆಸರಿನಲ್ಲಿ, ತೊಂಬತ್ತರ ದಶಕದ 'ಆಶ್ರಯ ಮನೆ' ಮಗನ ಹೆಸರಿನಲ್ಲಿ, ಈಗಿನ 'ಬಸವ' ಸೊಸೆಯ ಹೆಸರಿನಲ್ಲಿ ಇರುವ ಕುಟುಂಬಗಳನ್ನು ನೀವೂ ಕಂಡಿರುತ್ತೀರಿ. ಮನೆ ಹೆಣ್ಣುಮಕ್ಕಳ ಹೆಸರಿಗೇ ಬರಬೇಕೆಂಬ ಒಳ್ಳೆಯ ನಿಯಮದ ಇನ್ನೊಂದು ಮುಖ ಇದು. ತವರಿನ ಹೆಸರು, ಗಂಡನ ಹೆಸರು, ಅಡ್ಡಹೆಸರು ಇಷ್ಟರಲ್ಲಿ ನೆಂಟಸ್ತಿಕೆ ಮುಚ್ಚಿಹೋಗುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಕಾಗದದಲ್ಲಿರುತ್ತದೆ. ತನಗೆ ನೇರವಾಗಿಯೋ ಸುತ್ತುಬಳಸಿಯೋ ಹಣದ ಲಾಭವಿರುವ ವಿಷಯ ಸಭೆಗೆ ಬಂದಾಗ ಪಂಚಾಯಿತಿ ಸದಸ್ಯರು ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ, ಮತ ಹಾಕುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಸಭೆ ನಡೆಸುವ ಅಧ್ಯಕ್ಷರಿಗೇ ಅಂಥ ಲಾಭವಿದ್ದರೆ ಅವರು ಪೀಠದಿಂದ ಏಳಬೇಕು. ಬೇರೆ ಮನೆ ಮಾಡಿಕೊಂಡಿರುವ ಭಾಮೈದನ ಲಾಭ ಮೆಂಬರ್ರ ಲಾಭವೇ ಎಂದು ಕೇಳಿದರೆ ವಕೀಲರು ಎರಡೂ ಕಡೆ ವಾದಿಸಬಲ್ಲರು. ಅಲ್ಲಿ ನಮ್ಮ ಕೈಹಿಡಿಯುವುದು ಒಂದು ಹಳೆಯ ತೀರ್ಪು.

1966ರಲ್ಲಿ ಭಾರತೀಯ ಅರಣ್ಯ ಸೇವೆಗೆ ಜಮ್ಮು-ಕಾಶ್ಮೀರದ ಅಧಿಕಾರಿಗಳನ್ನು ಆರಿಸುವ ಮಂಡಳಿ ಕೂತಿತ್ತು. ರಾಜ್ಯದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಆ ಮಂಡಳಿಯ ಸದಸ್ಯರು. ಹುದ್ದೆಗೆ ಅವರೂ ಒಬ್ಬ ಅಭ್ಯರ್ಥಿ! ತಮ್ಮ ಹೆಸರು ಬಂದಾಗ ಅವರು ಚರ್ಚೆಯಿಂದ ದೂರ ಉಳಿದರು, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಾತ್ರ ಕೂತು ಅಭಿಪ್ರಾಯ ಹೇಳಿದರು. ಪಟ್ಟಿ ಹೊರಬಂದಾಗ ಮೊದಲ ಹೆಸರು ಅವರದೇ. ಕ್ರೈಪಾಕ್ ಪ್ರಕರಣ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ 1969ರಲ್ಲಿ ಸುಪ್ರೀಂ ಕೋರ್ಟು ಇಡೀ ಆಯ್ಕೆಯನ್ನೇ ತಳ್ಳಿಹಾಕಿತು. ಪಕ್ಷಪಾತ ನಡೆಯಿತು ಎಂದು ಸಾಬೀತಾಗಬೇಕಿಲ್ಲ, ನಡೆಯುವ ಸಂಭವ ಇತ್ತೇ ಎಂದು ನೋಡಿದರೆ ಸಾಕು ಎಂಬುದು ಅದರ ತಿರುಳು. ತೀರ್ಪು ಬರೆದವರು ಕಾರ್ಕಳ ತಾಲ್ಲೂಕು ಕೌಡೂರಿನ ಕೆ.ಎಸ್. ಹೆಗ್ಡೆ. ಅವರ ಮಗ ಸಂತೋಷ್ ಹೆಗ್ಡೆ ಮುಂದೆ ನಮ್ಮ ಲೋಕಾಯುಕ್ತರಾದರು.

ಹಳ್ಳಿಗೆ ಇದನ್ನು ಹೀಗೆ ಇಳಿಸಿಕೊಳ್ಳಬಹುದು. ಭಾಮೈದನ ಹೆಸರು ಓದುವಾಗ ಬೀಡಿ ಸೇದಲು ಹೊರಗೆ ಹೋಗಿ, ಪಕ್ಕದ ಬೀದಿಯ ವಿಧವೆಯ ಹೆಸರು ಬಂದಾಗ ಒಳಬಂದು "ಆಯಮ್ಮನಿಗೆ ಮಗ ಇದಾನೆ, ಬಿಡಿ" ಎಂದರೆ ಅದೂ ನಡೆಯುವುದಿಲ್ಲ. ಒಂದೇ ಪಟ್ಟಿಯಲ್ಲಿ ಒಬ್ಬರ ಹೆಸರು ಹೊಡೆದರೆ ಇನ್ನೊಬ್ಬರ ಹೆಸರು ಮೇಲೇರುತ್ತದೆ.

ಯಾವ ಮಂಜುಳಾ?

ಕೆಲವು ವರ್ಷಗಳ ಹಿಂದೆ ನಾನು ಕೂತಿದ್ದ ಗ್ರಾಮಸಭೆಯೊಂದರಲ್ಲಿ ಮೈಕು ಹಿಡಿದವರು ಮೂವತ್ತಕ್ಕೂ ಹೆಚ್ಚು ಹೆಸರುಗಳನ್ನು ಐದು ನಿಮಿಷದೊಳಗೆ ಓದಿ ಮುಗಿಸಿದರು. "ಮಂಜುಳಾ, ಸುಧಾ, ಲಕ್ಷ್ಮಮ್ಮ..." ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, "ಯಾವ್ ಮಂಜುಳಾನಪ್ಪ? ನಮ್ಮೂರಲ್ಲಿ ನಾಕು ಜನ ಅವ್ರೆ" ಎಂದರು. ಸಭೆ ನಕ್ಕಿತು. ಮೈಕು ನಗಲಿಲ್ಲ. ಆ ದಿನ ಇಡೀ ಸಭೆಯಲ್ಲಿ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ ಎಂದು ನನಗೆ ಹೊಳೆಯಲು ಸ್ವಲ್ಪ ಸಮಯ ಹಿಡಿಯಿತು. ಗಂಡನ ಅಥವಾ ತಂದೆಯ ಹೆಸರು, ಬೀದಿ, ಈಗಿರುವ ಮನೆ ಎಂಥದು, ಇಷ್ಟಿಲ್ಲದೆ ಓದಿದ ಹೆಸರು ಹೆಸರೇ ಅಲ್ಲ. ಮುಂದೆ ಯಾವ ಮಂಜುಳಾಗೆ ಬೇಕಾದರೂ ಅದನ್ನು ಅಂಟಿಸಬಹುದು.

ಗ್ರಾಮಸಭೆಗೆ ಮೊದಲೇ ಡಂಗುರ ಹೊಡೆಸಬೇಕು, ಸೂಚನಾ ಫಲಕಕ್ಕೆ ಚೀಟಿ ಅಂಟಿಸಬೇಕು. ಹತ್ತನೇ ಒಂದು ಭಾಗದಷ್ಟು ಮತದಾರರು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಬಂದರೆ ಕೋರಂ. ಬಂದವರಲ್ಲಿ ಶೇ 30 ಹೆಂಗಸರಿರಬೇಕು. ಹಾಜರಿ ಪುಸ್ತಕದ ಮೇಲೆ ಕಣ್ಣಿಡಿ. ಸಭೆ ಮುಗಿದ ಮೇಲೆ ಆ ಪುಸ್ತಕ ಬಿಲ್ ಕಲೆಕ್ಟರ್ ಕಂಕುಳಲ್ಲಿ ಮನೆಮನೆ ತಿರುಗಿ ಸಹಿ ತುಂಬಿಸಿಕೊಂಡು ಬರುವುದುಂಟು. ಸಭೆ ಮುಗಿಯುವಾಗಲೇ ಕೊನೆಯ ಸಹಿಯ ಕೆಳಗೆ ಗೆರೆ ಎಳೆದು, ಒಟ್ಟು ಇಷ್ಟು ಜನ ಎಂದು ಬರೆಯಲು ಸಭೆಗೆ ನೇಮಕವಾದ ನೋಡಲ್ ಅಧಿಕಾರಿಯನ್ನು ಕೇಳಿ. ಕೇಳುವುದರಲ್ಲಿ ಜಗಳವೇನೂ ಇಲ್ಲ. ಆ ಪುಟದ ಫೋಟೋ ತೆಗೆದುಕೊಳ್ಳಿ.

ಆಕ್ಷೇಪವಿದ್ದರೆ ಕೂಗಾಡಬೇಡಿ, ಬರೆದುಕೊಡಿ. ಕೂಗಿದ ಮಾತು ನಡಾವಳಿಗೆ ಹೋಗುವುದಿಲ್ಲ. ಹೋದರೂ 'ಗದ್ದಲವಾಯಿತು, ನಂತರ ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದಾಗಿ ಹೋಗುತ್ತದೆ. ನಾಲ್ಕು ಸಾಲು ಸಾಕು: "ಪಟ್ಟಿಯ ಕ್ರಮಸಂಖ್ಯೆ ಇಷ್ಟರಲ್ಲಿ ಇರುವವರು ಸದಸ್ಯರಾದ ಇಂಥವರ ಹತ್ತಿರದ ಸಂಬಂಧಿ. ಸದರಿ ಸದಸ್ಯರು ಆಯ್ಕೆಯ ಚರ್ಚೆಯಲ್ಲಿ ಭಾಗವಹಿಸಿದ್ದಾರೆ. ಅರ್ಹತೆಯನ್ನು ಸ್ಥಳ ಪರಿಶೀಲನೆ ಮಾಡಿ, ಸದಸ್ಯರನ್ನು ಹೊರಗಿಟ್ಟು ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ಈ ಆಕ್ಷೇಪವನ್ನು ನಡಾವಳಿಯಲ್ಲಿ ದಾಖಲಿಸಬೇಕು." ಇಬ್ಬರು ಮೂವರು ಸಹಿ ಹಾಕಿದರೆ ಒಳ್ಳೆಯದು. ಒಬ್ಬರೇ ಸಹಿ ಹಾಕಿದರೆ ಅದು ಹಳೇ ದ್ವೇಷ ಎಂದು ಕರೆಯಿಸಿಕೊಳ್ಳುತ್ತದೆ.

ಮೆಂಬರ್ ಎಂದರೆ ಹಾಜರಿಯಲ್ಲಿ ಹೆಸರಿರುವವರು ಮಾತ್ರ ಅಲ್ಲ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಎಷ್ಟೋ ಕಡೆ ಆಕೆಯ ಕುರ್ಚಿಯ ಪಕ್ಕದಲ್ಲಿ ಗಂಡನದೂ ಒಂದು ಕುರ್ಚಿ ಬಿದ್ದಿರುತ್ತದೆ, ಪಟ್ಟಿಯ ಮಾತೆಲ್ಲ ಅವರದೇ. ಅವರು ಕೂತಿದ್ದರೆ ಆಕ್ಷೇಪಪತ್ರದಲ್ಲಿ ಅದನ್ನೂ ಬರೆಯಿರಿ.

ಮೇಸ್ತ್ರಿ ಯಾರು ಎಂದೂ ನೋಡಿ

ಪಟ್ಟಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಅಂದಾಜಿನಲ್ಲಿ ನಿಜವಾದ ಲಾಭ ಪಟ್ಟಿಯ ನಂತರ ಇದೆ.

ಮಂಜೂರಾದ ಮನೆಗೆ ದುಡ್ಡು ಒಂದೇ ಸಲ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ 'ಹೊಡೆದು' ಮೇಲೆ ಕಳಿಸಿದ ಮೇಲೆ ಫಲಾನುಭವಿಯ ಬ್ಯಾಂಕ್ ಖಾತೆಗೆ ಬರುತ್ತದೆ. ತಳಪಾಯ ಹಾಕಲು ಕೈಯಲ್ಲಿ ಕಾಸಿಲ್ಲದವರ ಬಳಿ ಮೆಂಬರ್ರೋ ಅವರ ತಮ್ಮನೋ ಬಂದು, "ನೀನೇನೂ ತಲೆ ಕೆಡಿಸ್ಕೋಬೇಡಕ್ಕ, ನಾನೇ ಕಟ್ಟಿಸಿಕೊಡ್ತೀನಿ, ಬಿಲ್ ಬಂದಾಗ ಬಿಡಿಸಿಕೊಡು" ಎನ್ನುತ್ತಾರೆ. ಪಾಸ್‌ಬುಕ್ಕು, ಎಟಿಎಂ ಕಾರ್ಡು ಅವರ ಕೈಗೆ ಹೋಗುತ್ತವೆ. ಇಟ್ಟಿಗೆ ಅವರ ಭಟ್ಟಿಯದು, ಜಲ್ಲಿ ಅವರ ಟ್ರ್ಯಾಕ್ಟರಿನದು. ಮನೆ ಲಿಂಟಲ್‌ಗೆ ನಿಂತಿರುತ್ತದೆ, ಬಿಲ್ಲು ಮಾತ್ರ ಛಾವಣಿವರೆಗೂ ಆಗಿರುತ್ತದೆ. ಮುಂದೆ ಮನೆ ಯಾಕೆ ಮುಗಿಯಲಿಲ್ಲ ಎಂಬ ನೋಟಿಸು ಬರುವುದು ಆ ಅಕ್ಕನ ಹೆಸರಿಗೇ.

ಪಂಚಾಯಿತಿಯ ಕೆಲಸದಲ್ಲೋ ಗುತ್ತಿಗೆಯಲ್ಲೋ ಸದಸ್ಯರು ತಾವಾಗಿ ಅಥವಾ ಪಾಲುದಾರರ ಮೂಲಕ ಪಾಲು ಹೊಂದಿದ್ದರೆ ಕಾಯ್ದೆಯ 12ನೇ ಪ್ರಕರಣದಡಿ ಸದಸ್ಯತ್ವಕ್ಕೇ ಅನರ್ಹರಾಗುತ್ತಾರೆ. ಆದರೆ ಮನೆ ಕಟ್ಟಿಸುವವರು ಫಲಾನುಭವಿ, ಪಂಚಾಯಿತಿ ಅಲ್ಲ. ಹಾಗಾಗಿ ಈ ಒಂದನ್ನೇ ನಂಬಿ ಹೋದರೆ ಜಾರಿಕೊಳ್ಳಲು ದಾರಿಯಿದೆ. ಇನ್ನೊಂದು ನಿಯಮ ಹಿಡಿಯಿರಿ. ಪ್ರಧಾನಮಂತ್ರಿ ಆವಾಸ್‌ನಲ್ಲಿ ಗುತ್ತಿಗೆದಾರರನ್ನು ತೊಡಗಿಸುವಂತೆಯೇ ಇಲ್ಲ. ಫಲಾನುಭವಿ ತಾನೇ ಕಟ್ಟಬೇಕು, ಇಲ್ಲವೇ ತನ್ನ ಮೇಲ್ವಿಚಾರಣೆಯಲ್ಲಿ ಕಟ್ಟಿಸಬೇಕು. ದೂರಿನಲ್ಲಿ ಇದನ್ನೇ ಮುಂದಿಡಿ. ಜೊತೆಗೆ ಯಾವ ತಾರೀಕಿಗೆ ಯಾವ ಹಂತದ ಬಿಲ್ ಆಗಿದೆ, ಮನೆ ಇವತ್ತು ಯಾವ ಹಂತದಲ್ಲಿದೆ ಎಂಬ ಎರಡು ಸಾಲು ಇರಲಿ. ಬಿಲ್ಲಿನ ವಿವರ ನಿಗಮದ ಜಾಲತಾಣದಲ್ಲಿ ಸಿಗುತ್ತದೆ, ಮನೆ ಬೀದಿಯಲ್ಲೇ ಕಾಣುತ್ತದೆ.

ಒಂದು ಎಚ್ಚರಿಕೆ. ದೂರು ಮೆಂಬರ್ರ ಮೇಲಿರಲಿ, ಆ ಅಕ್ಕನ ಮೇಲಲ್ಲ. 'ಅನರ್ಹ ಫಲಾನುಭವಿ' ಎಂದು ಬರೆದರೆ ಅಧಿಕಾರಿಗಳು ಸುಲಭದ ದಾರಿ ಹಿಡಿದು ಅವಳ ಮನೆಯನ್ನೇ 'ಬ್ಲಾಕ್' ಮಾಡುತ್ತಾರೆ. ಮೆಂಬರ್ ಹಾಯಾಗಿ ಇರುತ್ತಾರೆ.

ಕಾಗದ ಕೇಳುವುದು

ಸಭೆ ತಪ್ಪಿಹೋಗಿದ್ದರೆ ಮಾಹಿತಿ ಹಕ್ಕು ಇದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒ ಅವರಿಗೆ ಕೊಡಬೇಕು. "ಅಕ್ರಮ ನಡೆದಿದೆಯೇ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅದು ಮಾಹಿತಿಯಲ್ಲ. ಇಂಥ ತಾರೀಕಿನ ವಸತಿ ಗ್ರಾಮಸಭೆಯ ನಡಾವಳಿ, ಹಾಜರಿ ಪುಟಗಳು, ಅಂಗೀಕರಿಸಿದ ಪಟ್ಟಿ, ನಿಗಮಕ್ಕೆ ಕಳಿಸಿದ ಪಟ್ಟಿ, ಇಷ್ಟರ ಪ್ರತಿ ಕೇಳಿ. ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ಓದುವುದೇ ಇಡೀ ಕಸರತ್ತಿನ ಸಾರ. ಸಭೆಯಲ್ಲಿ ಓದಿದ್ದು ಒಂದು, ಕಳಿಸಿದ್ದು ಇನ್ನೊಂದು ಎಂದಾದರೆ ಉಳಿದ ವಾದ ತಾನಾಗಿ ಆಗುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ, ಅಲ್ಲಿಂದ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಅಸಲಿಗೆ, ಸಹಾಯಧನ ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆ. ಅರ್ಜಿಯಲ್ಲಿ ಅದನ್ನು ನೆನಪಿಸಿದರೆ ಪಿಡಿಒ ಸ್ವಲ್ಪ ಬೇಗ ಏಳುತ್ತಾರೆ.

ದೂರು ಕೊಡುವ ಜಾಗವೂ ಮೊದಲು ಅದೇ ಕಾರ್ಯನಿರ್ವಹಣಾಧಿಕಾರಿ, ಅಂದರೆ ಇಒ. ಆಮೇಲೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ (ಸಿಇಒ). ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಾಗಾಗಿ ಹಳ್ಳಿಯ ಮೆಂಬರ್ರ ಮೇಲೆ ಕಣ್ಣಿಡಬೇಕಿದ್ದ ಮೇಲಿನ ಜನಪ್ರತಿನಿಧಿಗಳ ಜಾಗದಲ್ಲಿ ಅಧಿಕಾರಿಗಳಷ್ಟೇ ಉಳಿದರು. ಕರ್ತವ್ಯದಲ್ಲಿ ದುರ್ನಡತೆ ತೋರಿದ ಸದಸ್ಯರನ್ನು ವಿಚಾರಣೆ ನಡೆಸಿ ತೆಗೆದುಹಾಕುವ ಅಧಿಕಾರ ಪಂಚಾಯತ್ ರಾಜ್ ಕಾಯ್ದೆಯ 43-ಎ ಪ್ರಕರಣದಡಿ ಸರ್ಕಾರಕ್ಕಿದೆ. ಅದು ನಿಧಾನದ ದಾರಿ, ಬೇಗ ಆಗುತ್ತದೆಂದು ಕಾಯಬೇಡಿ.

ದುಡ್ಡು ಕೇಳಿದರೆ ಮಾತ್ರ ಇಒ ಬಳಿ ಹೋಗುವ ಅಗತ್ಯವೇ ಇಲ್ಲ. ನೇರವಾಗಿ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಭ್ರಷ್ಟಾಚಾರ ನಿಗ್ರಹ ದಳವನ್ನು 2022ರಲ್ಲಿ ಹೈಕೋರ್ಟು ರದ್ದು ಮಾಡಿದ ಮೇಲೆ ಈ ಕೆಲಸ ಮತ್ತೆ ಲೋಕಾಯುಕ್ತಕ್ಕೆ ಬಂದಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ ಬಂದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ ಇದೆ. "ಮನೆಗೆ ಇಪ್ಪತ್ತು ಸಾವಿರ ಕೊಟ್ಟಿದ್ದೆ, ಎರಡು ವರ್ಷ ಆಯ್ತು" ಎಂದು ಆಮೇಲೆ ಹೇಳಿದರೆ ನಿಮ್ಮ ಕಾಲೂ ಸಿಕ್ಕಿಕೊಳ್ಳುತ್ತದೆ.

ಪಟ್ಟಣದಲ್ಲಿರುವವರಿಗೆ ಗ್ರಾಮಸಭೆಯ ಈ ಸೌಕರ್ಯ ಇಲ್ಲ. ಅಲ್ಲಿ ಆಯ್ಕೆ ಮಾಡುವುದು ಆಶ್ರಯ ಸಮಿತಿ, ಅದರ ಅಧ್ಯಕ್ಷರು ಶಾಸಕರೇ. ಸಮಿತಿಯ ನಡಾವಳಿ ಕೇಳುವ ಹಕ್ಕು ಮಾತ್ರ ಅಲ್ಲೂ ಇದೆ. ಅಲ್ಲಿ ನಿವೇಶನ ಹಂಚಲು ಕೊಂಡ ಜಮೀನು ಮೊದಲು ಯಾರ ಹೆಸರಿನಲ್ಲಿತ್ತು ಎಂದು ಪಹಣಿ ತೆಗೆಸಿ ನೋಡುವುದನ್ನು ಮರೆಯಬೇಡಿ.

ಕಾಗದ ಹಿಡಿದು ಕೂತ ಮತದಾರರು ಏನು ಮಾಡಬಲ್ಲರು ಎಂಬುದಕ್ಕೆ ದೂರದ ಒಂದು ಕಥೆ ಹೇಳಿಬಿಡುತ್ತೇನೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರಸಭೆಯಲ್ಲಿ ಎಂಬತ್ತರ ದಶಕದಲ್ಲಿ ಶರ್ಲಿ ಪೋರ್ಟರ್ ಎಂಬವರ ಆಡಳಿತವಿತ್ತು. ಪಕ್ಷ ಸೋಲುವ ಭಯವಿದ್ದ ಎಂಟು ವಾರ್ಡುಗಳನ್ನು ಗುರುತು ಹಾಕಿಕೊಂಡು, ಅಲ್ಲಿ ಖಾಲಿಯಾದ ನಗರಸಭೆಯ ಮನೆಗಳನ್ನು ಬಡ ಬಾಡಿಗೆದಾರರಿಗೆ ಕೊಡದೆ, ತಮಗೆ ಓಟು ಹಾಕಬಹುದಾದವರಿಗೆ ಮಾರಿದರು. ಸ್ಥಳೀಯ ಮತದಾರರು ಲೆಕ್ಕಪರಿಶೋಧಕರ ಮುಂದೆ ಲಿಖಿತ ಆಕ್ಷೇಪಣೆ ಇಟ್ಟರು. 2001ರಲ್ಲಿ ಅಲ್ಲಿನ ಉನ್ನತ ನ್ಯಾಯಪೀಠ ಪೋರ್ಟರ್ ವಿರುದ್ಧ ತೀರ್ಪು ಕೊಟ್ಟಿತು, 2004ರಲ್ಲಿ ಅವರು ಸುಮಾರು 1.2 ಕೋಟಿ ಪೌಂಡ್ ಕಟ್ಟಬೇಕಾಯಿತು. ಆಕ್ಷೇಪ ಕೊಟ್ಟದ್ದು 1989ರಲ್ಲಿ. ಅಲ್ಲೂ ನಿಧಾನವೇ.

ಕೊನೆಗೆ ಒಂದು ಸಣ್ಣ ವಿಷಯ. ಆಕ್ಷೇಪವಾಗಲಿ ದೂರಾಗಲಿ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ತಾರೀಕು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ಸಾಹೇಬ್ರು ಬಂದ ಮೇಲೆ ಕೊಡ್ತೀನಿ" ಎಂದು ಟಪಾಲು ನೋಡುವವರು ಹೇಳಿದರೆ, ಸಾಹೇಬರು ಬರುವ ತನಕ ಕೂರಲು ಬಂದಿದ್ದೇನೆ ಎಂದು ಹೇಳಿ ಬೆಂಚಿನ ಮೇಲೆ ಕೂತುಬಿಡಿ. ಹೆಚ್ಚು ಹೊತ್ತು ಕೂರಬೇಕಾಗುವುದಿಲ್ಲ. ಅಂಚೆಯಲ್ಲಿ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಆಗಲಿ, ಅದರ ರಸೀದಿಯನ್ನು ಪಡಿತರ ಚೀಟಿಯ ಜೊತೆ ಎತ್ತಿಡಿ.